ವಚನೋದ್ಧಾರಕ ಫ. ಗು. ಹಳಕಟ್ಟಿಯವರು

ಶರಣಧರ್ಮದಲ್ಲಿ ಕಾಯಕವೂ ಪೂಜೆಯೂ ಬೇರೆಬೇರೆಯಲ್ಲ. ಕೈಕೊಂಡ ಉದ್ಯೋಗವು ಯಾವುದೇ ಇರಲಿ, ಅದು ಸತ್ಯಶುದ್ಧವಾಗಿದ್ದು ಅದರ ಫಲವು ದಾಸೋಹಕ್ಕೆ ಸಲ್ಲುವುದಾದರೆ ಅದೇ ಲಿಂಗಪೂಜೆಯೆನಿಸುವುದು. ಈ ತತ್ತ್ವವನ್ನು ನ್ಯಾಯಾಲಯದಲ್ಲಿಯೂ ಕಾಯದೆ ಕೌನ್ಸಿಲಿನಲ್ಲಿಯೂ ಮುದ್ರಣಾಲಯದಲ್ಲಿಯೂ ಒಂದೇ ತೆರನಾಗಿ ಆಚರಿಸಿ ತೋರಿಸಿದ ಮಹನೀಯರು ರಾವಬಹಾದ್ದೂರ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಚರಿತ್ರವನ್ನು ಸದ್ಭಕ್ತರ ಸ್ಮರಣೆಗಾಗಿ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಅವರ ಜನನವು 1880ನೆಯ ಇಸವಿ ಜುಲೈ 2ನೆಯ ದಿನ ಧಾರವಾಡದಲ್ಲಿ ಆಯಿತು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು, ತಾಯಿ ದಾನಮ್ಮನವರು. ಧಾರವಾಡದಲ್ಲಿ ಪ್ರಾರಂಭದ ವಿದ್ಯಾಭ್ಯಾಸವನ್ನು ತೀರಿಸಿ, ಮುಂಬಯಿಯಲ್ಲಿ ಬಿ.ಎ. ಹಾಗೂ ಕಾಯದೆಯ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ, 1904ರಲ್ಲಿ ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿದರು. ಸ್ವಲ್ಪಕಾಲದಲ್ಲಿಯೇ ವಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ಬಂದು ನೆಲೆಸಿ ಅದನ್ನೇ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡರು.

ಆ ಪ್ರಾಂತವು ಬರಗಾಲಕ್ಕೆ ಪದೇಪದೇ ತುತ್ತಾಗುವ ನಾಡು. ಅಲ್ಲಿಯ ಜನರಿಗೆ ವಿದ್ಯೆಯೂ ಇರಲಿಲ್ಲ, ಸಾಹುಕಾರರ ಸಾಲದಿಂದ ಬಿಡುಗಡೆಯೂ ಇರಲಿಲ್ಲ. ಇದನ್ನು ಮನಗಂಡ ಹಳಕಟ್ಟಿಯವರು 1910ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಘವನ್ನೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸುವುದರಲ್ಲಿ ಅಗ್ರಗಣ್ಯರಾದರು. 1920ರಲ್ಲಿ ಮುಂಬಯಿ ಕಾಯದೆ ಕೌನ್ಸಿಲಿನ ಸಭಾಸದರಾದರು. ಆದರೆ ಅಧಿಕಾರದ ಮೆಟ್ಟಿಲುಗಳನ್ನು ಏರುತ್ತ ಹೋಗುವ ಹಂಬಲವು ಅವರ ಮನಸ್ಸನ್ನು ಹಿಡಿಯಲಿಲ್ಲ. ಅದನ್ನು ಹಿಡಿದಿದ್ದುದು ಬೇರೊಂದು ಚಿಂತೆ.

ಹನ್ನೆರಡನೆಯ ಶತಮಾನದ ಶಿವಶರಣರ ವಚನಗಳು ಮಠಮನೆಗಳ ಜಗಲಿಯ ಮೇಲೆ ತಾಳೆಯೋಲೆಯ ಕಟ್ಟುಗಳಾಗಿ ಕುಳಿತಿದ್ದವು. ಅವುಗಳಿಗೆ ಪತ್ರೆ ಪುಷ್ಪಗಳು ಏರುತ್ತಿದ್ದವು, ಧೂಪದೀಪಗಳು ಸಲ್ಲುತ್ತಿದ್ದವು. ಆದರೆ ಬಿಚ್ಚಿ ಓದುವವರು ವಿರಳ. ಇತ್ತ ಭಕ್ತಿಯು ನಡೆದಿರಲು ಅತ್ತ ಗೆದ್ದಲೂ ತನ್ನ ಕಾರ್ಯವನ್ನು ನಡೆಸಿತ್ತು. ಹಳಕಟ್ಟಿಯವರು ಊರೂರು ತಿರುಗಿ, ಕೊಡಲೊಲ್ಲದವರ ಮನವೊಲಿಸಿ, ಆ ಕಟ್ಟುಗಳನ್ನು ಸಂಗ್ರಹಿಸಿ, ಪ್ರತಿಮಾಡಿ, ಪಾಠಗಳನ್ನು ಹೋಲಿಸಿ ತಿದ್ದಿದರು. ಹಗಲು ಕಕ್ಷಿಗಾರರ ಕಾಗದಪತ್ರಗಳು, ರಾತ್ರಿ ಶರಣರ ಓಲೆಗಳು. ಕ್ರಮೇಣ ಓಲೆಗಳೇ ಗೆದ್ದವು. ವಕೀಲಿಯ ಆದಾಯವು ಕುಗ್ಗಿತು.

ಸಿದ್ಧವಾದ ಗ್ರಂಥವನ್ನು ಅಚ್ಚಿಗಾಗಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಲು, ಅದು ಅಚ್ಚಾಗದೆ ಹಿಂದಿರುಗಿ ಬಂದಿತು. ಆದರೂ ಎದೆಗುಂದದೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿ, 1923ರಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವನ್ನು ಲೋಕದ ಮುಂದಿರಿಸಿದರು. ಪರರ ಮುದ್ರಣಾಲಯವನ್ನು ನೆಚ್ಚಿ ಈ ಕಾರ್ಯವು ಸಾಗದೆಂದು ತಿಳಿದು, ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಗೃಹಸ್ಥನಾದವನು ಮನೆಯನ್ನು ಮಾರಿ ಅಚ್ಚಿನ ಮೊಳೆಗಳನ್ನು ಕೊಳ್ಳುವುದೆಂದರೆ ಸಾಮಾನ್ಯವಾದ ಮಾತೇ? 1926ರಲ್ಲಿ ಶಿವಾನುಭವ ಪತ್ರಿಕೆಯೂ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಹೊರಟವು. ಹರಿಹರನ ರಗಳೆಗಳು ಬೆಳಕು ಕಂಡವು. 1930ರಲ್ಲಿ ಶೂನ್ಯಸಂಪಾದನೆಯು ಪ್ರಕಟವಾಯಿತು.

ಕನ್ನಡಿಗರು ಇದನ್ನು ಕಾಣದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷರನ್ನಾಗಿ ವರಿಸಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು. ಜನರು ವಚನ ಪಿತಾಮಹರೆಂದು ಕರೆದರು. ಆದರೆ ಬಿರುದುಗಳು ಬಂದುವೇ ಹೊರತು ಬಡತನವು ಹೋಗಲಿಲ್ಲ. ಸಾದಾ ಉಡುಪು, ಸಾದಾ ಊಟ, ಎಡೆಬಿಡದ ದುಡಿಮೆ ಇವೇ ಅವರ ಆಸ್ತಿ. 1964ರ ಜೂನ್ ತಿಂಗಳಲ್ಲಿ ವಿಜಾಪುರದಲ್ಲಿ ಅವರು ಲಿಂಗೈಕ್ಯರಾದರು.

ಸದ್ಭಕ್ತರು ಇಲ್ಲೊಂದು ಸಂಗತಿಯನ್ನು ಮನನಮಾಡಬೇಕು. ಓಲೆಗಳನ್ನು ಕಾಯ್ದಿಟ್ಟವರು ನಮ್ಮ ಪೂರ್ವಿಕರು. ಆ ಪುಣ್ಯವು ಅಲ್ಪವಲ್ಲ. ಆದರೆ ಕಾಯ್ದಿಟ್ಟುದನ್ನು ನಾವೇ ಓದದೆ ಹೋದಾಗ, ಒಬ್ಬ ವಕೀಲರು ಬಂದು ನಮ್ಮ ಬಾಗಿಲನ್ನು ತಟ್ಟಬೇಕಾಯಿತು. ಇಂದು ಪ್ರತಿ ಮಠದಲ್ಲಿಯೂ ಪ್ರತಿ ಭಕ್ತನ ಮನೆಯಲ್ಲಿಯೂ ಅಚ್ಚಾದ ವಚನಗ್ರಂಥವಿದೆ. ಅದೂ ಜಗಲಿಯ ಮೇಲಿನ ಕಟ್ಟಾಗಿಯೇ ಉಳಿದರೆ ಹಳಕಟ್ಟಿಯವರು ಮನೆ ಮಾರಿದುದು ವ್ಯರ್ಥವಾಗುವುದು. ದಿನಕ್ಕೊಂದು ವಚನವನ್ನಾದರೂ ಓದಿ, ತಿಳಿದು, ನಡೆಗೆ ತಂದುಕೊಳ್ಳುವುದೇ ಆ ಪುಣ್ಯಪುರುಷರಿಗೆ ನಾವು ಸಲ್ಲಿಸತಕ್ಕ ನಿಜವಾದ ಪೂಜೆ.