ಆಸ್ವಾಲ್ಡ್ ಏವರಿ

ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಎರೆಹೊಲದಲ್ಲಿ ಹಿಂಗಾರಿ ಜೋಳದ ಕೊಯ್ಲು ಮುಗಿಸುವ ರೈತನು ಕಾಳುಗಟ್ಟಿದ ದುಂಡು ತೆನೆಗಳನ್ನು ಬೀಜಕ್ಕೆಂದು ಬೇರೆಯಾಗಿ ತೆಗೆದಿರಿಸುವುದು ಹಿಂದಿನಿಂದ ಬಂದ ಪದ್ಧತಿ. ತೆನೆಯ ಗುಣವು ಬೀಜದೊಡನೆ ಮುಂದಿನ ಬೆಳೆಗೆ ಸಾಗುತ್ತದೆಂಬುದನ್ನು ಅವನು ಬಲ್ಲನು. ಆ ಗುಣವನ್ನು ಹೊತ್ತೊಯ್ಯುವ ವಸ್ತು ಯಾವುದು? ಈ ಪ್ರಶ್ನೆಗೆ ಉತ್ತರ ದೊರೆತದ್ದು ನ್ಯೂಯಾರ್ಕ್ ನಗರದ ಆಸ್ಪತ್ರೆಯೊಂದರಲ್ಲಿ, ನ್ಯುಮೋನಿಯಾ ರೋಗದ ಬ್ಯಾಕ್ಟೀರಿಯಗಳಿಂದ. ಅದನ್ನು ಕಂಡುಕೊಂಡವರಲ್ಲಿ ಹಿರಿಯರು ಆಸ್ವಾಲ್ಡ್ ಏವರಿ.

ಏವರಿಯವರು 1877ರಲ್ಲಿ ಕೆನಡಾ ದೇಶದ ಹ್ಯಾಲಿಫ್ಯಾಕ್ಸ್‌ನಲ್ಲಿ ಜನಿಸಿದರು. ತಂದೆ ಕ್ರೈಸ್ತ ಧರ್ಮೋಪದೇಶಕರು. 1904ರಲ್ಲಿ ವೈದ್ಯ ಪದವಿ ಪಡೆದ ಏವರಿ, 1913ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯನ್ನು ಸೇರಿದರು. ಅಂದು ನ್ಯುಮೋನಿಯಾಕ್ಕೆ ತಕ್ಕ ಔಷಧವಿರಲಿಲ್ಲ. ಅವಿವಾಹಿತರಾಗಿಯೇ ಉಳಿದ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಆ ಒಂದು ರೋಗಾಣುವಿನ ಅಧ್ಯಯನಕ್ಕೆ ಸವೆಸಿದರು.

ಈ ರೋಗಾಣುವಿನಲ್ಲಿ ಶರ್ಕರದ ನಯವಾದ ಕವಚವುಳ್ಳದ್ದು ಮಾರಕ, ಕವಚವಿಲ್ಲದ್ದು ನಿರುಪದ್ರವಿ. 1928ರಲ್ಲಿ ಲಂಡನ್ನಿನ ಫ್ರೆಡ್ರಿಕ್ ಗ್ರಿಫಿತ್ ಎಂಬ ವೈದ್ಯರು, ಕಾಯಿಸಿ ಕೊಂದ ಮಾರಕ ಬ್ಯಾಕ್ಟೀರಿಯಗಳನ್ನೂ ಜೀವಂತವಾದ ನಿರುಪದ್ರವಿಗಳನ್ನೂ ಕೂಡಿಸಿ ಇಲಿಗಳಿಗೆ ಚುಚ್ಚಿದರು. ಬೇರೆ ಬೇರೆಯಾಗಿದ್ದಾಗ ಇವೆರಡರಲ್ಲಿ ಯಾವುದೂ ಇಲಿಯನ್ನು ಕೊಲ್ಲುತ್ತಿರಲಿಲ್ಲ. ಕೂಡಿದಾಗ ಇಲಿಗಳು ಸತ್ತವು! ಅವುಗಳ ರಕ್ತದಲ್ಲಿ ಕವಚ ತೊಟ್ಟ ಜೀವಂತ ಬ್ಯಾಕ್ಟೀರಿಯಗಳಿದ್ದವು. ಅವುಗಳ ಸಂತತಿಗೂ ಕವಚ ಬಂದಿತು. ಸತ್ತ ಜೀವಿಯ ಗುಣವು ಬದುಕಿದ್ದ ಜೀವಿಗೆ ದಾಟಿತ್ತು.

ಏವರಿ ಮೊದಲು ಇದನ್ನು ನಂಬಲಿಲ್ಲ. ತಮ್ಮ ಪ್ರಯೋಗಾಲಯದವರೇ ಅದನ್ನು ಮತ್ತೆ ಮಾಡಿ ತೋರಿಸಿದ ಮೇಲೆ, ಗುಣವನ್ನು ದಾಟಿಸಿದ ವಸ್ತುವನ್ನು ಹುಡುಕಲು ತೊಡಗಿದರು. ಕಾಲಿನ್ ಮ್ಯಾಕ್‌ಲಿಯೋಡ್, ಮ್ಯಾಕ್ಲಿನ್ ಮೆಕಾರ್ಟಿ ಎಂಬ ಕಿರಿಯರು ಒಬ್ಬರ ಬಳಿಕ ಒಬ್ಬರು ಜೊತೆಗೂಡಿದರು. ಹಂಡೆಗಟ್ಟಲೆ ರೋಗಾಣುಗಳನ್ನು ಬೆಳೆಸಿ, ಹಾಲಿನಿಂದ ಕೆನೆ ತೆಗೆಯುವ ಯಂತ್ರವನ್ನು ಹೋಲುವ ತಿರುಗುಯಂತ್ರದಲ್ಲಿ ಬೇರ್ಪಡಿಸಬೇಕಾಗಿತ್ತು. ಯಂತ್ರದಿಂದ ತುಂತುರು ಸಿಡಿದರೆ ಸುತ್ತಲಿದ್ದವರ ಪ್ರಾಣಕ್ಕೇ ಅಪಾಯ. ಅನೇಕ ಬಾರಿ ಪ್ರಯೋಗ ಕೈಕೊಟ್ಟಿತು.

ಶರ್ಕರವನ್ನು ತೆಗೆದರು, ಪ್ರೋಟೀನನ್ನು ತೆಗೆದರು. ಗುಣ ದಾಟಿಸುವ ಶಕ್ತಿ ಕುಂದಲಿಲ್ಲ. ಉಳಿದ ದ್ರಾವಣಕ್ಕೆ ಮದ್ಯಸಾರ ಬೆರೆಸಿದಾಗ ಬಿಳಿಯ ಎಳೆಗಳು ಗಾಜಿನ ಕಡ್ಡಿಗೆ ಸುತ್ತಿಕೊಂಡವು. ಪ್ರೋಟೀನನ್ನೂ ಆರ್‌.ಎನ್‌.ಎ.ಯನ್ನೂ ಒಡೆಯುವ ಕಿಣ್ವಗಳು ಅವುಗಳ ಶಕ್ತಿಯನ್ನು ಕೆಡಿಸಲಿಲ್ಲ, ಡಿ.ಎನ್‌.ಎ.ಯನ್ನು ಒಡೆಯುವ ಕಿಣ್ವ ಕೂಡಲೇ ಕೆಡಿಸಿತು. 60 ಕೋಟಿಯಲ್ಲಿ ಒಂದು ಪಾಲಿನಷ್ಟು ಡಿ.ಎನ್‌.ಎ. ಇದ್ದರೂ ಕೆಲಸ ಸಾಗುತ್ತಿತ್ತು.

1944ರ ಫೆಬ್ರವರಿಯಲ್ಲಿ ಲೇಖನ ಪ್ರಕಟವಾದಾಗ ಏವರಿಯವರಿಗೆ 66 ವರ್ಷ. ಇದು ಅನುವಂಶೀಯತೆಯ ಮೂಲವಸ್ತುವೇ ಇರಬಹುದೆಂಬ ಊಹೆಯನ್ನು ಅವರು ತಮ್ಮ ರಾಯ್‌ಗೆ ಬರೆದ ಪತ್ರದಲ್ಲಿ ಹಿಂದಿನ ವರ್ಷವೇ ತಿಳಿಸಿದ್ದರು. ಲೇಖನದಲ್ಲಾದರೋ ತೀರ ಮಿತವಾಗಿ ಬರೆದರು. ಗುಣವನ್ನು ಒಯ್ಯುವುದು ಪ್ರೋಟೀನೇ ಎಂದು ನಂಬಿದ್ದ ಹಲವರು, ಅದರ ಅಂಶ ಎಲ್ಲಿಯೋ ಉಳಿದಿರಬೇಕೆಂದು ವಾದಿಸಿದರು. ಆ ಸಂದೇಹ ಬಹುಮಟ್ಟಿಗೆ ತೀರಿದ್ದು 1952ರಲ್ಲಿ ಹರ್ಷಿ ಮತ್ತು ಚೇಸ್ ಮಾಡಿದ ಪ್ರಯೋಗದಿಂದ. ಮರುವರ್ಷವೇ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್‌.ಎ.ಯ ರಚನೆಯನ್ನು ವಿವರಿಸಿದರು.

ಏವರಿಯವರಿಗೆ ನೊಬೆಲ್ ಪಾರಿತೋಷಕ ಬರಲಿಲ್ಲ. ಅದು ಅವರಿಗೆ ಸಲ್ಲಬೇಕಾಗಿತ್ತೆಂಬುದರಲ್ಲಿ ಇಂದು ಯಾರಿಗೂ ಹೆಚ್ಚಿನ ಅನುಮಾನವಿಲ್ಲ. ಕಡೆಯ ವರ್ಷಗಳನ್ನು ಅವರು ರಾಯ್ ವಾಸವಾಗಿದ್ದ ನ್ಯಾಶ್‌ವಿಲ್ ನಗರದಲ್ಲಿ ಕಳೆದು, 1955ರ ಫೆಬ್ರವರಿ 20ರಂದು ಅಲ್ಲಿಯೇ ನಿಧನರಾದರು.