ಸರ್ ರಾಬರ್ಟ್ ವಾಲ್ಪೋಲ್

ಬ್ರಿಟನ್ನಿನ ಪ್ರಥಮ ಪ್ರಧಾನಮಂತ್ರಿಯೆಂದು ಇತಿಹಾಸಕಾರರು ಗಣಿಸುವ ರಾಬರ್ಟ್ ವಾಲ್ಪೋಲನು 1676ರಲ್ಲಿ ನಾರ್ಫೋಕ್ ಪ್ರಾಂತದ ಹೌಟನ್ನಿನಲ್ಲಿ ಜನಿಸಿದನು. 1701ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು; 1712ರಲ್ಲಿ ಲಂಚದ ಆರೋಪದ ಮೇಲೆ ಸೆರೆವಾಸವನ್ನೂ ಅನುಭವಿಸಿದನು. ದಕ್ಷಿಣ ಸಮುದ್ರ ಕಂಪನಿಯ ಷೇರುಗಳು 1720ರಲ್ಲಿ ಕುಸಿದು ಸಿರಿವಂತರೂ ದಿವಾಳಿಯಾದಾಗ, ಹಣಕಾಸನ್ನು ಸರಿಪಡಿಸುವ ಹೊಣೆ ಈತನ ಪಾಲಿಗೆ ಬಂದಿತು. 1721ರಿಂದ 20 ವರ್ಷಗಳಿಗೂ ಮಿಕ್ಕಿ ಖಜಾನೆಯ ಮುಖ್ಯಾಧಿಕಾರವನ್ನು ವಹಿಸಿದನು. ಪ್ರಧಾನಮಂತ್ರಿಯೆಂಬುದು ಆಗ ನಿಂದೆಯ ಮಾತು. ಆ ಹೆಸರನ್ನು ಆತನೇ ಒಪ್ಪಲಿಲ್ಲ. ದೊರೆ ಇಮ್ಮಡಿ ಜಾರ್ಜನು ನೀಡಿದ ಡೌನಿಂಗ್ ಬೀದಿಯ ಮನೆಯನ್ನು ಸ್ವಂತಕ್ಕೆ ಸ್ವೀಕರಿಸದೆ ಪದವಿಗೆ ಸಲ್ಲುವಂತೆ ಮಾಡಿದನು. ಹುದ್ದೆಗಳ ಆಮಿಷದಿಂದ ಸದಸ್ಯರನ್ನು ಒಲಿಸಿಕೊಳ್ಳುತ್ತಿದ್ದ ಕಳಂಕವನ್ನಂತೂ ಮರೆಮಾಚುವಂತಿಲ್ಲ. 1742ರಲ್ಲಿ ಚಿಪ್ಪೆನ್‌ಹ್ಯಾಮ್ ಕ್ಷೇತ್ರದ ಚುನಾವಣಾ ತಕರಾರಿನಲ್ಲಿ ಸಾಮಾನ್ಯರ ಸಭೆಯು ಆತನ ವಿರುದ್ಧವಾಗಿ ಮತವಿತ್ತಿತು. ದೊರೆಯ ವಿಶ್ವಾಸವು ಕಿಂಚಿತ್ತೂ ಕುಂದಿರಲಿಲ್ಲ. ಆದರೂ ಸಭೆಯ ಬಹುಮತವಿಲ್ಲದೆ ಮಂತ್ರಿಯು ಉಳಿಯಲಾಗದೆಂದು ಮನಗಂಡು ಅಧಿಕಾರವನ್ನು ತ್ಯಜಿಸಿದನು. ಬೀಳ್ಕೊಡುವಾಗ ದೊರೆಯು ಕಣ್ಣೀರಿಟ್ಟನಂತೆ.