ಮನೆ ಶೆಡ್‌ನಲ್ಲೇ ದಾಖಲೆ ಬೈಕ್ ಕಟ್ಟಿದ ಬರ್ಟ್ ಮನ್ರೋ

ಮೇಡ್ಲೇರಿ: ಹಳೇ ಬೈಕ್ ಬಿಚ್ಚಿ ಕೂಡಿಸೋ ಹುಡುಗರು ಬರ್ಟ್ ಮನ್ರೋ ಅಜ್ಜನ ಕಥೆ ತಿಳಿಯಲೇಬೇಕು. 1899ರಲ್ಲಿ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಇವರ ಬಳಿ ಇದ್ದದ್ದು 1920ರ ಇಂಡಿಯನ್ ಸ್ಕೌಟ್. ಹೆಸರಷ್ಟೇ ಇಂಡಿಯನ್, ಗಾಡಿ ಅಮೆರಿಕದ್ದು. ಹೊಸದಿದ್ದಾಗ ಅದರ ವೇಗ ಗಂಟೆಗೆ ಸುಮಾರು 88 ಕಿ.ಮೀ. ಅಷ್ಟೇ.

ಕೈಯಲ್ಲಿ ರೊಕ್ಕ ಕಮ್ಮಿ. ಹಳೇ ಡಬ್ಬಿಯನ್ನೇ ಅಚ್ಚು ಮಾಡಿ ಪಿಸ್ಟನ್ ಎರಕ ಹೊಯ್ದರು. ನಲವತ್ತಕ್ಕೂ ಹೆಚ್ಚು ವರ್ಷ ಅದೇ ಗಾಡಿ ತಿದ್ದಿದರು. ಮುರಿದ ಬಿಡಿಭಾಗಗಳನ್ನು ವೇಗದ ದೇವರಿಗೆ ಹರಕೆ ಅಂತ ಶೆಡ್‌ನ ಹಲಗೆ ಮೇಲೆ ಜೋಡಿಸಿಟ್ಟರು.

ಹೃದಯದ ತೊಂದರೆ ಇದ್ದರೂ 1967ರಲ್ಲಿ, 68ನೇ ವಯಸ್ಸಿಗೆ, ಅಮೆರಿಕದ ಬೊನ್ವಿಲ್ ಉಪ್ಪಿನ ಬಯಲಲ್ಲಿ 1000 ಸಿಸಿ ಒಳಗಿನ ವರ್ಗದ ದಾಖಲೆ ಮಾಡಿದರು. 1978ರಲ್ಲಿ ತೀರಿಕೊಂಡರು. ಅಂದಿನ ಲೆಕ್ಕ ತಪ್ಪಿದ್ದನ್ನು ಮಗ ಪತ್ತೆ ಹಚ್ಚಿದರು. 2014ರಲ್ಲಿ ದಾಖಲೆಯನ್ನು ಗಂಟೆಗೆ 296 ಕಿ.ಮೀ.ಗೆ ತಿದ್ದಲಾಯ್ತು.